ಸಿಂಹದ ಮರಿಗೆ ಹಾಲು ಕುಡಿಸುವ ಸೇವೆ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗಳು ರಜೆ ಹಾಕಿ ದಕ್ಷಿಣ ಆಫ್ರಿಕಾದಲ್ಲಿ ವನ್ಯಜೀವಿ ಸೇವೆ ಮಾಡಲು ಹೊರಟಿದ್ದಾಳೆ. ಏಜೆನ್ಸಿ ಕಳಿಸಿದ ಪಟ್ಟಿ ನನಗೂ ತೋರಿಸಿದಳು. ಬೆಳಿಗ್ಗೆ ಸಿಂಹದ ಮರಿಗೆ ಬಾಟಲಿ ಹಾಲು, ಸಂಜೆ ಬಂಜಿ ಜಂಪ್. ದುಡ್ಡು ನಾವೇ ಕೊಡಬೇಕು, ಅದೂ ಲಕ್ಷದ ಲೆಕ್ಕದಲ್ಲಿ!

ಊಟ, ವಸತಿಗೆ ಖರ್ಚು ಇದ್ದೇ ಇರುತ್ತದೆ, ಅದಕ್ಕೆ ಬೇಸರವಿಲ್ಲ. ನನ್ನ ತಕರಾರು ಆ ಹಾಲಿನ ಬಾಟಲಿಯದ್ದು. ಅಲ್ಲಿನ ಎಷ್ಟೋ ಫಾರಂಗಳಲ್ಲಿ ಜನ ಮುದ್ದಿಸಿ ಫೋಟೋ ತೆಗೆಸಿಕೊಳ್ಳಲಿ ಅಂತಲೇ ಎಳೆ ಮರಿಗಳನ್ನು ತಾಯಿಯಿಂದ ಬಿಡಿಸುತ್ತಾರೆ. ಹೀಗೆ ಕೈಯಲ್ಲಿ ಬೆಳೆದ ಸಿಂಹ ಕಾಡಿಗೆ ಮರಳುವುದಿಲ್ಲ. ಬೆಳೆದವನ್ನು ಬೇಲಿಯೊಳಗೆ ಶೋಕಿ ಬೇಟೆಗೆ ಬಿಡುವ ದಂಧೆಯೂ ಇದೆ. ಇದನ್ನೆಲ್ಲ ನಿಲ್ಲಿಸಬೇಕು ಎಂದು ಅಲ್ಲಿನ ಸರ್ಕಾರವೇ ನೇಮಿಸಿದ ಸಮಿತಿಯ ವರದಿ 2021ರಲ್ಲಿ ಹೇಳಿತು.

ನಮ್ಮ ಹೊನ್ನಾವರದ ಕಾಸರಕೋಡ ದಡಕ್ಕೂ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರು, ಮೀನುಗಾರರು ಗೂಡಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಮರಿ ಹೊರಬರಲು ಒಂದೂವರೆ, ಎರಡು ತಿಂಗಳು ಬೇಕು. ಅಲ್ಲಿ ಮುದ್ದಿಸುವ ಮಾತೇ ಇಲ್ಲ, ಸುಮ್ನೆ ಕಾಯುವುದೇ ಜಾಸ್ತಿ. ಸಾಹಸವೇ ಬೇಕೆಂದರೆ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಇದೆಯಲ್ಲ!

ವಿದೇಶಕ್ಕೆ ಹೋಗಲೇಬೇಡಿ ಎನ್ನುತ್ತಿಲ್ಲ. ದುಡ್ಡು ಕಟ್ಟುವ ಮೊದಲು ಕೇಳಿ: ಪ್ರಾಣಿಯನ್ನು ಮುಟ್ಟಲು ಬಿಡುತ್ತೀರಾ? ಮರಿ ದೊಡ್ಡದಾದ ಮೇಲೆ ಎಲ್ಲಿಗೆ ಹೋಗುತ್ತದೆ? ಪ್ರವಾಸಿ ವೀಸಾದಲ್ಲಿ ಈ ಕೆಲಸ ಮಾಡಬಹುದೇ? ಉತ್ತರ ಬರೆದು ಕೊಡದಿದ್ದರೆ ಮುಂಗಡ ಕೊಡಬೇಡಿ.

– ನಿವೃತ್ತ ಶಿಕ್ಷಕಿ, ಹೊನ್ನಾವರ