ಹಡ್ಸನ್ ಚರ್ಚಿನಲ್ಲಿ ಸಿಕ್ಕ ಆಂಟಿಗೆ

ಆಂಟಿ, ಅವತ್ತು ನಿಮ್ಮ ಹೆಸರು ಕೇಳಲಿಲ್ಲ. ಹಾಗಾಗಿ ಧನ್ಯವಾದವನ್ನು ಇಲ್ಲೇ ಹೇಳುತ್ತಿದ್ದೇನೆ. ಬೆಂಗಳೂರಿನ ಹಡ್ಸನ್ ಸ್ಮಾರಕ ಚರ್ಚಿನಲ್ಲಿ, ಗುಡ್ ಫ್ರೈಡೇ ಆರಾಧನೆ ಮುಗಿದ ಮೇಲೆ ನನ್ನನ್ನು ಮಾತಾಡಿಸಿದವರು ನೀವು. 1904ರ ಆ ಕಲ್ಲಿನ ಕಟ್ಟಡದೊಳಗೆ ಬಿಸಿಲು ತಟ್ಟುವುದಿಲ್ಲ, ಅದಕ್ಕೇ ಸುಮ್ನೆ ಕೂತಿದ್ದೇನೆ ಅಂದೆ. ನೀವು ನಂಬಲಿಲ್ಲ.

ನಾನು ಕುಡಿತ ಬಿಟ್ಟಿದ್ದರೂ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಕೆಲಸ ಹೋದ ಮೇಲೆ ಇನ್ನೂ ಜಾಸ್ತಿಯಾಗಿತ್ತು. ಶೋಧನೆ, ಅಂದರೆ ತಪ್ಪಿನ ಕಡೆ ಎಳೆಯುವ ಈ ಸೆಳೆತ, ನಿಲ್ಲುತ್ತಿಲ್ಲ ಅಂದರೆ ದೇವರು ಕೈಬಿಟ್ಟಿದ್ದಾನೆ ಅಂತಲೇ ಅನಿಸುತ್ತಿತ್ತು. ನೀವು ಬೈಬಲಿನಲ್ಲಿ ಲೂಕನ ಸುವಾರ್ತೆಯ 22ನೇ ಅಧ್ಯಾಯ ತೆರೆದಿರಿ. ಶಿಷ್ಯ ಪೇತ್ರ ಇನ್ನೂ ಯೇಸುವನ್ನು ಅರಿಯೆ ಅಂದಿರಲಿಲ್ಲ, ಹಾಗೆ ಅಂದಾಗ ಕೂಗಿದ ಕೋಳಿ ಇನ್ನೂ ಕೂಗಿರಲಿಲ್ಲ. ಅಷ್ಟರಲ್ಲೇ ಯೇಸು ಅವನ ನಂಬಿಕೆ ಕುಂದದಿರಲಿ ಎಂದು ಪ್ರಾರ್ಥಿಸಿ ಆಗಿತ್ತು. ಬೀಳುತ್ತಾನೆ ಅಂತ ಗೊತ್ತಿದ್ದೂ! ತಿರುಗಿ ಬಂದ ಮೇಲೆ ಮಾಡಬೇಕಾದ ಕೆಲಸವನ್ನೂ ಆಗಲೇ ಹೇಳಿಬಿಟ್ಟಿದ್ದ. ಚರ್ಚಿನಲ್ಲಿ ಎಷ್ಟೋ ಪ್ರಸಂಗ, ಅಂದರೆ ಉಪದೇಶ, ಕೇಳಿದ್ದೇನೆ, ಈ ಕ್ರಮವನ್ನು ಯಾರೂ ಹೀಗೆ ಬೆರಳಿಟ್ಟು ತೋರಿಸಿರಲಿಲ್ಲ.

ಅಪೊಸ್ತಲ ಪೌಲ ತನ್ನನ್ನು ಕಾಡುತ್ತಿದ್ದ ಬಾಧೆಯನ್ನು ಮುಳ್ಳು ಅಂತ ಕರೆದ ಮಾತೂ ಬಂತು. ತೆಗೆ ಅಂತ ದೇವರನ್ನು ಮೂರು ಸಲ ಬೇಡಿದರೂ ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ನಿಜ ಹೇಳಬೇಕೆಂದರೆ, ಇದು ನನಗೆ ಇನ್ನೂ ಕಷ್ಟವೇ.

ಆಮೇಲೆ ನೀವು ಕೇಳಿದ್ದು ಬಾರ್ ಯಾವ ರಸ್ತೆಯಲ್ಲಿದೆ ಅಂತ! ಶೋಧನೆಯ ಜೊತೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಕೊಡುತ್ತಾನೆ ಅಂತ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಇದೆಯಲ್ವಾ, ಆ ದಾರಿ ಒಂದು ಸ್ಟಾಪ್ ಮುಂಚೆ ಬಸ್ಸಿಳಿಯುವುದೂ ಆಗಿರಬಹುದು ಅಂದಿರಿ. ಹಾಗೇ ಮಾಡುತ್ತಿದ್ದೇನೆ. ಆಸೆ ಪೂರ್ತಿ ಹೋಗಿಲ್ಲ. ಕುಡಿದಿಲ್ಲ. ಇಂಟರ್‌ವ್ಯೂಗಳು ನಡೆಯುತ್ತಿವೆ, ಪ್ರಾರ್ಥನೆಯಲ್ಲಿ ನೆನಪಿಡಿ ಆಂಟಿ.