ಪಿಯಾನೊ ಮುಂದೆ ಕೂತವರು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. ಎರಡು ತಿಂಗಳು ರಿಹರ್ಸಲ್ಲಿನಲ್ಲಿ ಹಾರ್ಮೋನಿಯಂ ನುಡಿಸಿದ್ದೀಯ, ನಾಟಕದ ಕರಪತ್ರದಲ್ಲಿ ಮಾತ್ರ ನಿನ್ನ ಹೆಸರಿಲ್ಲ. ನನಗೂ ರಾತ್ರಿ ನಿದ್ದೆ ಹತ್ತಲಿಲ್ಲ. ಜರ್ಮನಿಯ ಸಂಗೀತಗಾರ ಥಿಯೊ ಮಾಕೆಬೆನ್ ನೆನಪಾದರು.

1928ರ ಆಗಸ್ಟ್ 31. ಬರ್ಲಿನ್ನಿನ ಶಿಫ್‌ಬಾವರ್‌ಡಾಮ್ ಥಿಯೇಟರಿನಲ್ಲಿ ನಾಟಕಕಾರ ಬ್ರೆಕ್ಟ್ ಮತ್ತು ಸಂಗೀತ ಕಟ್ಟಿದ ಕುರ್ಟ್ ವೈಲ್ ಅವರ ‘ತ್ರೀ ಪೆನ್ನಿ ಆಪೆರಾ’ದ ಮೊದಲ ಪ್ರದರ್ಶನ. ಬ್ಯಾಂಡಿನಲ್ಲಿ ಏಳೇ ಜನ, ವಾದ್ಯಗಳು ಇಪ್ಪತ್ತಕ್ಕೂ ಜಾಸ್ತಿ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿ ನಿನ್ನ ಹಾರ್ಮೋನಿಯಂ ಕೂಡ ಇದೆ! ಎಲ್ಲರನ್ನೂ ಪಿಯಾನೊ ಮುಂದೆ ಕೂತು ನಡೆಸಿದವರು ಮಾಕೆಬೆನ್, ನಮ್ಮ ಕಂಪನಿ ನಾಟಕದ ಹಾರ್ಮೋನಿಯಂ ಮೇಷ್ಟ್ರ ಹಾಗೆ.

ಮೊದಲ ಹಾಡಿಗೇ ತೊಂದರೆ. ಹಿಡಿ ತಿರುಗಿಸಿದರೆ ನುಡಿಯುವ ಪೆಟ್ಟಿಗೆ ವಾದ್ಯ ಸದ್ದೇ ಮಾಡಲಿಲ್ಲ. ನಟ ಕುರ್ಟ್ ಗೆರೋನ್ ಮೊದಲ ಚರಣವನ್ನು ಬರೀ ದನಿಯಲ್ಲೇ ಹಾಡಿದರು. ಎರಡನೆಯದಕ್ಕೆ ಬ್ಯಾಂಡ್ ಬಂದು ಕೂಡಿಕೊಂಡಿತು. ಶ್ರುತಿ ಎಲ್ಲಿದೆ, ಎಲ್ಲಿ ಹಿಡಿಯಬೇಕು ಅನ್ನುವ ಆ ಗಳಿಗೆ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಅಲ್ವಾ?

ಅದೇ ರಾತ್ರಿ ನಟಿ ಲೊಟ್ಟೆ ಲೆನ್ಯಾ ಹೆಸರು ಅಚ್ಚಾದ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅವಳ ಗಂಡ ವೈಲ್ ಕೆಂಡವಾದರು. ನೀನೂ ಸುಮ್ನೆ ಕೂರಬೇಡ, ಹೋಗಿ ಕೇಳು.

ಆಮೇಲೆ ಮಾಕೆಬೆನ್ ಸಿನಿಮಾಕ್ಕೆ ಹೋದರು. 1931ರಲ್ಲಿ ಇದೇ ನಾಟಕ ಸಿನಿಮಾ ಆದಾಗಲೂ ಸಂಗೀತ ನಡೆಸಿದವರು ಅವರೇ. 1938, 39ರಲ್ಲಿ ನಟಿ, ಗಾಯಕಿ ಜಾರಾ ಲಿಯಾಂಡರ್‌ಗೆ ಅವರು ಕೊಟ್ಟ ಹಾಡುಗಳು ಜರ್ಮನಿಯಲ್ಲಿ ಮನೆಮಾತಾಗಿದ್ದವು. ಹಾಡುವವರಿಗೆ ಎಲ್ಲಿ ಉಸಿರು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಇನ್ನೊಂದನ್ನು ನಿನ್ನಿಂದ ಮುಚ್ಚಿಡಲಾರೆ. ಅದು ಹಿಟ್ಲರ್ ಕಾಲ. ಯಹೂದಿಯಾದ ವೈಲ್ 1933ರಲ್ಲೇ ದೇಶ ಬಿಟ್ಟರು. ಗೆರೋನ್ ಅವರನ್ನು 1944ರಲ್ಲಿ ನಾಜಿಗಳು ಔಶ್ವಿಟ್ಜ್ ಸೆರೆಶಿಬಿರದಲ್ಲಿ ಕೊಂದರು. ಮಾಕೆಬೆನ್ ಜರ್ಮನಿಯಲ್ಲೇ ಉಳಿದರು. ಆ ಸರ್ಕಾರದ ಮುಷ್ಟಿಯಲ್ಲಿದ್ದ ಚಿತ್ರರಂಗಕ್ಕೇ ಹಾಡು ಕಟ್ಟಿದರು. ಇದು ನೆನಪಾದರೆ ಆ ಇಂಪಾದ ಹಾಡುಗಳನ್ನು ಪೂರ್ತಿ ಕೇಳಲು ನನ್ನಿಂದ ಆಗುವುದಿಲ್ಲ. ನನಗೆ 1928ರ ಮಾಕೆಬೆನ್ ಸಾಕು.

1930ರಲ್ಲಿ ಅವರು ಅದೇ ಬ್ಯಾಂಡಿನ ಜೊತೆ ನಾಟಕದ ಹಾಡುಗಳನ್ನು ರೆಕಾರ್ಡ್ ಮಾಡಿದ್ದಾರೆ. ಈಗಲೂ ಸಿಗುತ್ತವೆ. ಲೆನ್ಯಾ ದನಿ ಇದೆ, ಗೆರೋನ್ ದನಿಯೂ ಇದೆ. ಇಯರ್‌ಫೋನ್ ಹಾಕಿಕೊಂಡು ಕೇಳು.

ಭಾನುವಾರದ ಶೋಗೆ ನಾನೂ ಅಮ್ಮನೂ ಬರುತ್ತೇವೆ. ಹಾರ್ಮೋನಿಯಂ ಕಾಣುವ ಕಡೆ ಎರಡು ಸೀಟು ಹಿಡಿದಿಡು.

ನಿನ್ನ
ಅಪ್ಪ