ಬೆಸುಗೆಯ ಮೇಜಿಗೆ ನನ್ನನ್ನು ಮರಳಿ ಕರೆತಂದವರಿಗೆ

ಕಳೆದ ವಾರ ರಾತ್ರಿ, ನಾನೇ ಜೋಡಿಸಿದ ಪುಟ್ಟ ರೇಡಿಯೊ ರಿಸೀವರ್‌ನಲ್ಲಿ ಮೊದಲ ಬಾರಿಗೆ ಯಾರದೋ ಮೋರ್ಸ್ ಸಂಕೇತ ಕೇಳಿಸಿತು. ಐದು ವರ್ಷ ಎಲೆಕ್ಟ್ರಾನಿಕ್ಸ್‌ನ ಗೊಡವೆಗೇ ಹೋಗದಿದ್ದವನಿಗೆ ಈ ಘಳಿಗೆ ತಾನಾಗಿ ಒದಗಿದ್ದಲ್ಲ. ಅದಕ್ಕೆ ಕಾರಣರಾದ ಮೂವರಿಗೆ ನಾನು ಋಣಿ.

ಮೊದಲನೆಯವರನ್ನು ನಾನು ನೋಡಿಯೇ ಇಲ್ಲ. ಗಿಡಗಳಿಗೆ ತಾನಾಗಿ ನೀರುಣಿಸುವ ನನ್ನ ಹಳೆಯ ಸರ್ಕ್ಯೂಟೊಂದನ್ನು, ನಾನು ಹಿಂದೆ ಹಂಚಿದ್ದ ನಕ್ಷೆ ನೋಡಿ ಅವರು ಜೋಡಿಸಿದ್ದರು; ಪಂಪ್ ನಿಂತಾಗಲೆಲ್ಲ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಅಂದರೆ ಮೈಕ್ರೋಕಂಟ್ರೋಲರ್, ಮೊದಲಿನಿಂದ ಶುರುವಾಗುತ್ತದೆ, ತಪ್ಪು ನನ್ನದೇ ಇರಬಹುದೇ ಎಂದು ಬಹಳ ವಿನಯದಿಂದ ಬರೆದು ಕೇಳಿದರು. ತಪ್ಪು ಅವರದಾಗಿರಲಿಲ್ಲ. ಪಂಪಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ರಿಲೇಯ ಕಾಯಿಲ್‌ನ ಪ್ರವಾಹ ಥಟ್ಟನೆ ಕಡಿದಾಗ ಅದರಲ್ಲಿ ಹುಟ್ಟುವ ವಿರುದ್ಧ ವೋಲ್ಟೇಜಿಗೆ ದಾರಿ ಮಾಡಿಕೊಡಲು ಅಡ್ಡಲಾಗಿ ಒಂದು ಡಯೋಡ್, ಅಂದರೆ ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಇರಬೇಕು. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ, ಹಾಗಾಗಿ ಆ ವೋಲ್ಟೇಜಿನ ಹೊಡೆತಕ್ಕೆ ಮೈಕ್ರೋಕಂಟ್ರೋಲರ್ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನನ್ನ ಮೇಜಿನ ಮೇಲೆ ಹೇಗೋ ನಡೆದುಹೋದದ್ದನ್ನು ಸರಿಯೆಂದು ನಂಬಿ ಹಂಚಿಬಿಟ್ಟಿದ್ದೆ. ನಾಚಿಕೆಯಾಯಿತು, ಪರೀಕ್ಷಿಸಿ ನೋಡಲೆಂದು ಹಳೆಯ ಪೆಟ್ಟಿಗೆಯನ್ನು ಹುಡುಕಿದೆ.

ಪೆಟ್ಟಿಗೆ ಉಳಿದಿದ್ದದ್ದು ನನ್ನ ಹೆಂಡತಿಯ ದಯೆಯಿಂದ. ಎರಡು ಬಾರಿ ಮನೆ ಬದಲಿಸಿದಾಗಲೂ ಎಸೆದುಬಿಡು ಎಂದವನು ನಾನು, ಸುಮ್ಮನೆ ಎತ್ತಿಟ್ಟವಳು ಅವಳು. ಒಳಗಿನ ಸ್ಥಿತಿ ಚೆನ್ನಾಗಿರಲಿಲ್ಲವೆನ್ನಿ. ಮಲ್ಟಿಮೀಟರ್‌ನ ಆಲ್ಕಲೈನ್ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿಯ ಹಿಟ್ಟಿನಂಥ ಪದರ ಕಟ್ಟಿತ್ತು. ಸೋರುವುದು ಕ್ಷಾರವಾದ್ದರಿಂದ ಹತ್ತಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿದಾಗ ಅದು ನೊರೆಯೆದ್ದು ಕರಗಿತು. ಸೋಲ್ಡರಿಂಗ್ ಐರನ್‌ನ ತುದಿಯಂತೂ ಕಪ್ಪಿಟ್ಟು, ಕರಗಿದ ಬೆಸುಗೆಯ ಸೀಸ ಅದಕ್ಕೆ ಅಂಟದೆ ಗುಂಡಾಗಿ ಉರುಳಿ ಬೀಳುತ್ತಿತ್ತು; ಹಿತ್ತಾಳೆಯ ನಾರಿನಲ್ಲಿ ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಮುಟ್ಟಿಸಿ, ಹೊಸ ಸೀಸ ಲೇಪಿಸುವುದರಲ್ಲೇ ಒಂದು ಸಂಜೆ ಕಳೆಯಿತು. ಡಯೋಡ್ ಸೇರಿಸಿದ ಮೇಲೆ ಸರ್ಕ್ಯೂಟ್ ತಕರಾರಿಲ್ಲದೆ ನಡೆಯಿತು.

ಆದರೆ ಅಲ್ಲಿಗೆ ನಿಲ್ಲಲು ಮನಸ್ಸಾಗಲಿಲ್ಲ. ಹಿಂದೆ ನನಗೆ ಪ್ರಿಯವಾಗಿದ್ದದ್ದು ಪ್ರೋಗ್ರಾಮ್ ಬರೆದು ಏನನ್ನಾದರೂ ಮಿನುಗಿಸುವುದು. ಈಗ ಅದರಲ್ಲಿ ಅಂಥ ರುಚಿ ಉಳಿದಿಲ್ಲ. ಒಂದು ಸಾಲಿನ ಪ್ರೋಗ್ರಾಮೂ ಇಲ್ಲದ ಡೈರೆಕ್ಟ್ ಕನ್ವರ್ಷನ್ ರಿಸೀವರ್ ನನ್ನನ್ನು ಸೆಳೆಯಿತು. ಆಂಟೆನಾದಿಂದ ಬಂದ 70,30,700 ಹರ್ಟ್ಸ್‌ನ ಸಂಕೇತವನ್ನು ಕಂಪನ ಹುಟ್ಟಿಸುವ ನಮ್ಮದೇ ಸರ್ಕ್ಯೂಟಾದ ಆಸಿಲೇಟರಿನ 70,30,000 ಹರ್ಟ್ಸ್‌ನೊಂದಿಗೆ ಬೆರೆಸಿದರೆ, ಅವೆರಡರ ವ್ಯತ್ಯಾಸವಾದ 700 ಹರ್ಟ್ಸ್ ನೇರವಾಗಿ ಕಿವಿಗೆ ಕೇಳುತ್ತದೆ. ಇಷ್ಟು ಸರಳವಾದದ್ದನ್ನು ಇಷ್ಟು ವರ್ಷ ಏಕೆ ಮಾಡಲಿಲ್ಲವೋ.

ಸರಳವೆಂದುಕೊಂಡದ್ದೂ ಮೂರು ವಾರ ಸತಾಯಿಸಿತು. ಬೇಕಿದ್ದದ್ದು 7.03 ಮೆಗಾಹರ್ಟ್ಸ್, ಆಸಿಲೇಟರ್ 6.8 ಮೆಗಾಹರ್ಟ್ಸ್ ಬಿಟ್ಟು ಮೇಲೇರುತ್ತಿರಲಿಲ್ಲ. ನನ್ನ ಹಳೆಯ ಸ್ನೇಹಿತರೊಬ್ಬರು ವಿದ್ಯುತ್ ತರಂಗವನ್ನು ತೆರೆಯ ಮೇಲೆ ತೋರಿಸುವ ತಮ್ಮ ಆಸಿಲೋಸ್ಕೋಪನ್ನು ತಂದಿಟ್ಟು, ತರಂಗವನ್ನು ಒಮ್ಮೆ ನೋಡಿ, ನಾನು ಆಸಿಲೇಟರಿನ ಸುರುಳಿಗಾಗಿ ಟೊರಾಯ್ಡ್ ಎಂಬ ಕಾಂತೀಯ ಉಂಗುರಕ್ಕೆ ಸುತ್ತಿದ್ದ ತಂತಿಯನ್ನು ಭೂತಗನ್ನಡಿಯ ಕೆಳಗೆ ಎಣಿಸತೊಡಗಿದರು. ತಂತಿ ಉಂಗುರದ ಒಳಗೆ ಹಾದ ಪ್ರತಿ ಸಲವೂ ಒಂದು ಸುತ್ತೆಂಬುದು ಲೆಕ್ಕ. ಮೊದಲ ಸಲ ತೂರಿಸಿದ್ದನ್ನು ನಾನು ಎಣಿಸಿರಲಿಲ್ಲ. 30 ಇರಬೇಕಾದಲ್ಲಿ 31 ಸುತ್ತುಗಳಿದ್ದವು. ಇಂಡಕ್ಟನ್ಸ್, ಅಂದರೆ ಹೆಚ್ಚಿದಷ್ಟೂ ಕಂಪನಾಂಕವನ್ನು ತಗ್ಗಿಸುವ ಸುರುಳಿಯ ಗುಣ, ಸುತ್ತುಗಳ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕೆಪಾಸಿಟರ್ ಅದೇ ಇದ್ದರೂ ಆ ಒಂದೇ ಸುತ್ತು ಕಂಪನಾಂಕವನ್ನು ಶೇಕಡಾ ಮೂರರಷ್ಟು ಕೆಳಗೆಳೆದಿತ್ತು. ಅವರು ನಗಲಿಲ್ಲ, ಒಂದು ಸುತ್ತು ಬಿಚ್ಚಿ ಕೊಟ್ಟರು. ಅದಕ್ಕೂ ಸೇರಿಸಿ ವಂದನೆಗಳು.

ಗಿಡಗಳಿಗೆ ನೀರುಣಿಸುವವರಿಗೆ ತಿದ್ದಿದ ನಕ್ಷೆಯನ್ನು ಕಳುಹಿಸಿದ್ದೇನೆ. ಆಸಿಲೋಸ್ಕೋಪ್ ಮಾತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಬರುವ ಭಾನುವಾರ ತಪ್ಪದೆ ಹಿಂದಿರುಗಿಸುತ್ತೇನೆ.